ಅವ್ವನ ಪಾಲಿನ ಶೇಂಗಾ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದೆ ಹಾದು ಬರುವಾಗ ಬಂದ ಶೇಂಗಾ ವಾಸನೆ ಇವತ್ತು ನನ್ನನ್ನು ಸೀದಾ ಅಜ್ಜಿಯ ಪಕ್ಕ ಕೂರಿಸಿತು.

ಅವ್ವ ರಾಂಪುರದಲ್ಲಿ ನರ್ಸ್ ಆಗಿದ್ದಳು. ಅವಳ ಬಸ್ಸು ತಡವಾದ ಸಂಜೆ ಅಜ್ಜಿ ಮರಿಯಮ್ಮನವರ ಪಟದ ಮುಂದೆ ಮೇಣದಬತ್ತಿ ಹಚ್ಚಿ ಜಪಸರ ಹಿಡಿಯುತ್ತಿದ್ದಳು. ನಾನು ಎದ್ದು ಓಡಬಾರದಲ್ಲ, ಅದಕ್ಕೆ ಹುರಿದ ಶೇಂಗಾದ ಬಟ್ಟಲು. ಒಂದು ‘ನಮೋ ಮರಿಯ’ ಹೇಳಿದರೆ ಒಂದು ಕಾಯಿ ಸುಲಿದು ತಿನ್ನಬಹುದು. ಆದರೆ ಜಪ ಶುರುವಾಗುವ ಮೊದಲೇ ಅಜ್ಜಿ ಅವ್ವನಿಗೆಂದು ಒಂದು ಹಿಡಿ ಎತ್ತಿಡುತ್ತಿದ್ದಳು.

ಒಂದು ಸಂಜೆ ಬಸ್ಸು ಬಹಳವೇ ತಡವಾಯಿತು. ನನಗೆ ಅಳು ಬಂತು.

“ಅವ್ವ ಬರ್ತಾಳೋ ಇಲ್ವೋ! ಅವಳ ಪಾಲು ಯಾಕೆ ಎತ್ತಿಟ್ಟೆ?”

“ಬರ್ಲಿ ಅಂತ ತಾನೇ ಕೇಳ್ತಿರೋದು? ಪಾಲೇ ಎತ್ತಿಡದೆ ಕೇಳಿದ್ರೆ, ಇವ್ರಿಗೆ ನಂಬಿಕೆ ಎಲ್ಲೈತೆ ಅನ್ನಲ್ವೇನೇ ಆ ತಾಯಿ? ಸುಲಿ, ಸುಲಿ.”

ಜಪಸರ ಮುಕ್ಕಾಲು ಸರಿದಿತ್ತು. ಬಾಗಿಲಲ್ಲಿ ಅವ್ವನ ಚಪ್ಪಲಿಯ ಸದ್ದು! ನಾನು ಕಿರುಚಿಕೊಂಡು ಓಡಿದೆ. ಅಜ್ಜಿ ಮಾತ್ರ ಕಣ್ಣು ತೆರೆಯಲಿಲ್ಲ, ಜಪವನ್ನೂ ನಿಲ್ಲಿಸಲಿಲ್ಲ. ಆ ಹಿಡಿ ಶೇಂಗಾವನ್ನು ಸುಮ್ಮನೆ ಅವ್ವನ ಕಡೆಗೆ ಸರಿಸಿದಳು.

ಈಗ ಮಗಳು ಮೊಳಕಾಲ್ಮೂರಿನಿಂದ ಬರಬೇಕು, ಅವಳ ಫೋನ್ ಸಿಗುತ್ತಿಲ್ಲ. ಅಜ್ಜಿಯ ಜಪಸರ ಕೈಗೆತ್ತಿಕೊಂಡೆ. ತಕ್ಷಣ ಕೆಳಗಿಟ್ಟು, ಮೊದಲು ಒಂದು ಹಿಡಿ ಶೇಂಗಾ ಎತ್ತಿಟ್ಟೆ.