ಅಪ್ಪ ಇರುವಾಗಲೇ ತೆಗೆದ ಮೀಸೆ

ಮಸ್ಕಿಯಲ್ಲಿ ನಾವು ಹನ್ನೊಂದು ಮಂದಿ ಸೇರಿ ದೊಡ್ಡದೊಂದು ಸಂಗೀತ ನಾಟಕ ಆಡುತ್ತೇವೆಂದು ಹೊರಟಾಗ ಊರೆಲ್ಲ ನಕ್ಕಿತು. ನಗಲಿ. ನಿಜಾಮರ ಆಳ್ವಿಕೆ ಮುಗಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಶಾಲೆಯಲ್ಲಿ ಉರ್ದು ಓದಿ, ಮನೆಯಲ್ಲಿ ಕನ್ನಡ ಆಡಿ ಬೆಳೆದವರು ನಾವು. ಈಗ ನಮ್ಮ ಭಾಷೆಯಲ್ಲಿ ಹಾಡಿ ಕುಣಿಯಲು ಯಾರ ಅಂಜಿಕೆಯೂ ಇಲ್ಲದಿರುವಾಗ ಸಣ್ಣದೇಕೆ ಆಡಬೇಕು? ಕೋಟೆ ಕಳೆದುಕೊಂಡು ಮತ್ತೆ ಗೆಲ್ಲುವ ರಾಣಿಯ ಕತೆ, ಮೂವತ್ತು ಹಾಡು, ಏಳು ಪರದೆ, ಕೊನೆಗೆ ರಂಗದ ಮೇಲೆ ನಿಜವಾದ ನೀರು ಹರಿಯುವ ಹೊಳೆ. ಕುಡಿಯುವ ನೀರಿಗೇ ಬಾವಿಯ ಮುಂದೆ ಸಾಲು ಹಚ್ಚುವ ಊರಲ್ಲಿ ಹೊಳೆ ಹರಿಸುತ್ತೇವೆಂದರೆ ಯಾರು ನಗುವುದಿಲ್ಲ? ‘ಹಾಸಿಗಿ ಇದ್ದಷ್ಟು ಕಾಲು ಚಾಚ್ರೋ’ ಎಂದು ಬುದ್ಧಿ ಹೇಳಿದವರಿಗೆ ನಾನೇ ಹೇಳಿದ್ದೆ, ‘ಹಾಸಿಗೀನೂ ನಮ್ದ, ಕಾಲೂ ನಮ್ದ ರೀ.’

ಊರ ನಾಟಕದಲ್ಲಿ ಪಾತ್ರ ಮಾಡುವವನೇ ಆ ಪಾತ್ರದ ವಂತಿಗೆ ಕೊಡಬೇಕು. ರಾಜನದು ಎಲ್ಲರಿಗಿಂತ ಹೆಚ್ಚು, ಬಾಗಿಲು ಕಾಯುವವನದು ಎಲ್ಲರಿಗಿಂತ ಕಡಿಮೆ. ರಾಣಿಗೆ ಮಾತ್ರ ವಂತಿಗೆ ಇರಲಿಲ್ಲ. ಏಕೆಂದರೆ ಮನೆಯ ಹೆಂಗಸರು ರಂಗ ಹತ್ತುವ ಕಾಲ ಅದಲ್ಲ, ರಾಣಿಯಾಗುವ ಗಂಡಸು ಮೀಸೆ ತೆಗೆಯಬೇಕು. ನಮ್ಮಂಥ ಮನೆಗಳಲ್ಲಿ ಮಗ ಮೀಸೆ ತೆಗೆಯುವುದು ಅಪ್ಪ ಸತ್ತಾಗ. ಅಪ್ಪ ಇರುವಾಗಲೇ ಬರಿ ತುಟಿಯಲ್ಲಿ ಓಡಾಡಿದರೆ ಸಾವಿಗೆ ಅಕ್ಷತೆ ಕೊಟ್ಟು ಕರೆದಂತೆ. ಆದರೆ ನನಗೆ ಕಂಠ ಇತ್ತು. ಇಪ್ಪತ್ತೆರಡರ ಸೊಕ್ಕೂ ಇತ್ತು. ಒಪ್ಪಿಕೊಂಡೆ.

‘ನಾ ಇನ್ನೂ ಎರಡು ಹೊತ್ತು ಉಣ್ಣಾಕತ್ತೀನಲೇ, ನಿನಗ ಕಣ್ಣು ಕಾಣೂದಿಲ್ಲೇನು?’ ಎಂದು ಅಪ್ಪ ಕಿರಾಣಿ ಅಂಗಡಿಯ ಗಲ್ಲೆಯ ಮೇಲಿಂದಲೇ ಕೂಗಿದ.

‘ಒಂದ ಸರ್ತಿ ಅಪ್ಪಾ. ತಿಂಗಳದಾಗ ಮತ್ತ ಬೆಳೀತೈತಿ’ ಎಂದು ನಾನು ತಪ್ಪಿಸಿಕೊಂಡೆ.

ಒಂದೇ ಸಲಕ್ಕೆ ಮುಗಿಯಲಿಲ್ಲ. ಮೊದಲ ವರ್ಷ ಹ್ಯಾಂಡ್‌ಬಿಲ್ ಹಂಚಿದ್ದೆವು, ನಾನು ಮೀಸೆ ತೆಗೆದಿದ್ದೆ, ಆಟಕ್ಕೆ ಎಂಟು ದಿನ ಇತ್ತು. ಅಷ್ಟರಲ್ಲಿ ರಂಗ ಕಟ್ಟುತ್ತಿದ್ದ ಬಡಗಿಗಳು ಸಿಂಧನೂರು ಕಡೆ ತುಂಗಭದ್ರೆಯ ಕಾಲುವೆ ಕೆಲಸಕ್ಕೆ ಹೋದರು. ಅಲ್ಲಿ ಕೂಲಿ ಇಮ್ಮಡಿ. ಅವರ ಹಿಂದೆಯೇ ಊರ ಬಿದಿರು, ಹಗ್ಗ, ಗಾಡಿ ಎಲ್ಲ ಹೋದವು. ಅರ್ಧ ಕಟ್ಟಿದ ರಂಗ ಮಳೆಗಾಲಕ್ಕೆ ಕುಸಿಯಿತು. ಮೀಸೆ ಬೆಳೆಯಿತು.

ಎರಡನೆಯ ವರ್ಷ ಪರದೆಗಳು ಬರಲಿಲ್ಲ. ಅವನ್ನು ಬರೆಯುವ ಕಲಾವಿದ ಗದಗದ ಕಡೆಯವನು. ನಾವು ನಿಜಾಮರ ಹಾಲಿ ರೂಪಾಯಿಯ ಲೆಕ್ಕದಲ್ಲಿ ದರ ಒಪ್ಪಿದ್ದರೆ ಅವನು ತನ್ನ ಕಡೆ ನಡೆಯುವ, ಅದಕ್ಕಿಂತ ಹೆಚ್ಚು ಬೆಲೆಯ ಕಲ್ದಾರ್ ರೂಪಾಯಿ ಬೇಕೆಂದು ಪರದೆಗಳನ್ನು ಇಟ್ಟುಕೊಂಡು ಕುಳಿತ. ಇತ್ತ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ನಮ್ಮೂರಲ್ಲೇ ಉಳಿದಿದ್ದರು. ನಾಟಕ ನಿಂತರೂ ಅವರ ಸಂಬಳ ನಿಲ್ಲುವುದಿಲ್ಲ, ತುಪ್ಪದ ಊಟವೂ ನಿಲ್ಲುವುದಿಲ್ಲ. ಖರ್ಚು ಹನುಮಂತನ ಬಾಲವಾಯಿತು. ರಾಜನ ಪಾತ್ರ ಹಿಡಿದ ಹತ್ತಿ ದಲಾಲರು ಹೆಂಡತಿಯ ಸರ ಮಾರಿ ಪರದೆ ಬಿಡಿಸಿಕೊಂಡು ಬರುವ ಹೊತ್ತಿಗೆ ಬಿತ್ತನೆ ಶುರುವಾಗಿತ್ತು. ನನ್ನ ಎರಡನೆಯ ಮೀಸೆಯೂ ದಂಡ.

ಮೂರನೆಯ ವರ್ಷ ಮೀಸೆ ತೆಗೆದವನೇ ಆಟದ ಪರವಾನಗಿಗೆಂದು ಲಿಂಗಸುಗೂರಿನ ಕಚೇರಿಗೆ ಹೋದೆ. ಸಾಹೇಬರು ದೌರೆಯ ಮೇಲೆ ಹಳ್ಳಿಗಳಿಗೆ ಹೋಗಿದ್ದರು, ಯಾವಾಗ ಬರುತ್ತಾರೋ ಗುಮಾಸ್ತನಿಗೇ ಗೊತ್ತಿರಲಿಲ್ಲ. ನಾನು ಅವನೊಡನೆ ಜಗಳಾಡುತ್ತಿದ್ದಾಗ ಮುದಗಲ್ಲಿನ ಎಣ್ಣೆ ವ್ಯಾಪಾರಿಯೊಬ್ಬರು, ನಮ್ಮ ಸೋದರತ್ತೆಯ ನೆರೆಮನೆಯವರು, ದೂರದಿಂದ ನನ್ನನ್ನು ನೋಡಿದರು. ನನ್ನ ಬರಿ ತುಟಿ ನೋಡಿದರು. ಕೈ ಮುಗಿದು, ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು. ಆ ಹೊತ್ತಿಗೆ ನನಗೆ ಏನೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಬಂದಳು, ಹಿಂದೆ ಆರು ಜನ ಬೀಗರು. ಬಸ್ಸಿಳಿದಲ್ಲಿಂದಲೇ ಎದೆ ಬಡಿದುಕೊಳ್ಳುತ್ತ ಬಂದು ಅಂಗಡಿಯ ಕಟ್ಟೆಗೆ ಹಣೆ ಹಚ್ಚಿದಳು. ‘ನನ್ನ ಬಿಟ್ಟು ಹ್ಯಾಂಗ ಹೋದ್ಯೋ ಅಣ್ಣಾ!’

ಅಪ್ಪ ಒಳಗೆ ಬೆಲ್ಲ ತೂಗುತ್ತಿದ್ದ. ತಕ್ಕಡಿ ಕೆಳಗಿಟ್ಟು ಹೊರಗೆ ಬಂದ. ‘ಎಲ್ಲಿಗೆ ಹೋಗ್ಲಿ ತಂಗಿ? ಅಂಗಡಿ ಯಾರು ನೋಡ್ತಾರ?’

ಅತ್ತೆ ಅವನನ್ನು ಮುಟ್ಟಿ ಮುಟ್ಟಿ ನೋಡಿ ಮತ್ತಷ್ಟು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ ಬೈದಳು. ಬಜಾರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪ ನಗಲಿಲ್ಲ. ‘ಇನ್ನೊಮ್ಮೆ ಕತ್ತಿ ಹಚ್ಚಿದ್ರ ನನ್ನ ಹೊಸ್ತಿಲ ತುಳೀಬ್ಯಾಡ’ ಎಂದಷ್ಟೇ ಹೇಳಿ ಒಳಗೆ ಹೋದ. ಸಾಹೇಬರು ಬರುವ ಹೊತ್ತಿಗೆ ನಮ್ಮ ತಾರೀಖೂ ದಾಟಿತ್ತು.

ನಾಲ್ಕನೆಯ ವರ್ಷ ಪರವಾನಗಿ ಬಂತು, ಪರದೆ ಇದ್ದವು, ರಂಗ ನಿಂತಿತ್ತು. ಇಲ್ಲದ್ದು ರಾಣಿ ಮಾತ್ರ. ಹೊರಗಿನಿಂದ ನಟಿಯನ್ನು ಕರೆಸಿದರೆ ಇಷ್ಟು ವರ್ಷ ಸುರಿದದ್ದನ್ನು ಮತ್ತೊಮ್ಮೆ ಸುರಿಯಬೇಕು. ದಲಾಲರು ಟೊಪ್ಪಿಗೆ ತೆಗೆದು ನೆಲಕ್ಕಿಟ್ಟು ಕುಳಿತರು. ‘ಸಾಕಪ್ಪಾ. ಪರದೆ ಮಾರಿ ಕೈ ತೊಳ್ಕೊಳ್ಳೂಣು.’ ಬಜಾರಿನಲ್ಲಿ ಆಗಲೇ ಹೊಸ ಮಾತು ಹುಟ್ಟಿತ್ತು: ನಾಟಕ ಮೊದಲೋ, ಮುದುಕ ಮೊದಲೋ?

ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಆರಿಲ್ಲ. ಹೊಸ್ತಿಲು ಹೋದರೆ ಹೋಗಲಿ, ನಾಟಕ ಬಿಡುವುದಿಲ್ಲ ಎಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ಕ್ಷೌರಿಕನ ಮುಂದೆ ಕುಳಿತೆ. ಅವನು ಕತ್ತಿ ಮಸೆದ, ಮತ್ತೆ ಮಸೆದ, ತುಟಿಗೆ ಮಾತ್ರ ತಾಗಿಸಲಿಲ್ಲ. ನೋಡಿದರೆ ಅಪ್ಪ ಬಂದು ನಿಂತಿದ್ದ. ಹೊಡೆಯುತ್ತಾನೆಂದೇ ಹೆಗಲು ಕುಗ್ಗಿಸಿದೆ.

‘ಯಾರಿಗೆ ಹೆದರಾಕತ್ತೀ? ತೆಗಿ’ ಎಂದ ಕ್ಷೌರಿಕನಿಗೆ. ಆಮೇಲೆ ಬಜಾರಿಗೆಲ್ಲ ಕೇಳುವಂತೆ, ‘ಇವನ ನಾಟಕಕ್ಕ ನಾ ಮೂರು ಸರ್ತಿ ಸತ್ತೀನಿ. ಆಟ ಆಗ್ಲಿಲ್ಲಂದ್ರ ಪುಕ್ಕಟೆ ಸತ್ತಂಗ ಆಗ್ತೈತಿ. ಆಗಾಕಬೇಕು!’

ಆಯಿತು. ಹೊಳೆ ಹರಿಸಲು ಪರದೆಯ ಹಿಂದೆ ಪೀಪಾಯಿಗಳಿಂದ ನೀರು ಬಿಟ್ಟರೆ ತಗಡಿನ ಕಾಲುವೆ ಸೋರಿ ತಬಲ ತೊಯ್ದಿತು, ಮುಂದಿನ ಸಾಲಿನವರ ಧೋತರವೂ ತೊಯ್ದಿತು. ಯಾರೂ ಎದ್ದು ಹೋಗಲಿಲ್ಲ. ಅಪ್ಪ ಎಲ್ಲರಿಗಿಂತ ಮುಂದೆ, ಅಂಗಡಿಯ ಕುರ್ಚಿ ತರಿಸಿಕೊಂಡು ಕುಳಿತಿದ್ದ. ನಾನು ಸೀರೆಯುಟ್ಟು ರಂಗಕ್ಕೆ ಬಂದಾಗ ಹಿಂದಿನಿಂದ ಯಾರೋ ಕೂಗಿದರು, ‘ಮಗ ಮೀಸಿ ತೆಗದಾನ! ಅಪ್ಪ ಎಲ್ಲ್ಯದಾನ?’

ಅಪ್ಪ ಎದ್ದ. ನನಗೆ ಬೆನ್ನು ಮಾಡಿ, ಆ ಜನಕ್ಕೆಲ್ಲ ಮುಖ ತೋರಿಸಿ ನಿಂತ. ನಗೆ ಪೂರ್ತಿ ಅಡಗುವವರೆಗೂ ನಿಂತೇ ಇದ್ದ. ಆಮೇಲೆ ಕುಳಿತು, ‘ಹಾಡಲೇ’ ಎಂದ. ಹಾಡಿದೆ, ಅಷ್ಟು ಚೆನ್ನಾಗಿ ಮತ್ತೆ ಎಂದೂ ಹಾಡಲಿಲ್ಲ.

ಹಾಕಿದ ದುಡ್ಡು ಯಾರಿಗೂ ಮರಳಿ ಬರಲಿಲ್ಲ. ನನಗೆ ಪಶ್ಚಾತ್ತಾಪವಿಲ್ಲ, ದಲಾಲರಿಗೂ ಇರಲಿಲ್ಲ. ಅವರ ಹೆಂಡತಿಯನ್ನು ಕೇಳುವ ಧೈರ್ಯ ನಾವಾರೂ ಮಾಡಲಿಲ್ಲ.

ಹನ್ನೊಂದು ವರ್ಷಗಳಾದ ಮೇಲೆ ಅಪ್ಪ ನಿಜವಾಗಿ ಹೋದ. ಕ್ಷೌರಿಕ ಬಂದು ಅಂಗಳದಲ್ಲಿ ಚೀಲ ಬಿಚ್ಚಿದ. ನಾನು ಬೇಡವೆಂದೆ. ‘ಜನ ಏನಂದಾರು?’ ಎಂದು ಅತ್ತೆ ಅಳುತ್ತಲೇ ಗದರಿದಳು. ಜನ ಅನ್ನುವುದನ್ನೆಲ್ಲ ಅಂದರು. ನಾಲ್ಕು ಸಲ ಅವನ ಕಣ್ಣೆದುರೇ ತೆಗೆದಿದ್ದೆ. ಮೀಸೆ ಇಟ್ಟುಕೊಂಡೇ ಅಪ್ಪನಿಗೆ ಹೆಗಲು ಕೊಟ್ಟೆ.