ಕೆಂಪು ಚುಕ್ಕೆಯ ಲೋಟ

ಮುಂಬಯಿ ಹತ್ತಿರದ ಶಹಾಡ್ ಸ್ಟೇಷನ್ನಿನ ಹೊರಗೆ ವಸಂತಕುಮಾರನ ಮನೆಯವರ ಹೋಟೆಲು ತಗಡಿನ ಮಾಡಿನಡಿ ಇದ್ದ ಕಾಲಕ್ಕೆ ಮರಗಮ್ಮ ಅಲ್ಲಿ ಹನ್ನೊಂದು ವರ್ಷ ಪಾತ್ರೆ ತೊಳೆದವಳು. ದಿನಕ್ಕೆ ಸಾವಿರ ಲೋಟ ಬೆಳಗಿದರೂ ಅವುಗಳಲ್ಲಿ ಒಂದರಲ್ಲೂ ಅವಳು ಚಾ ಕುಡಿಯುವಂತಿರಲಿಲ್ಲ. ಅವಳಿಗೂ, ಟೇಬಲ್ ಒರೆಸುವ ಚೆನ್ನಯನಿಗೂ ಹಿಂಬದಿ ಕಿಟಕಿಯಲ್ಲಿ ಬೇರೆ ಸ್ಟೀಲ್ ಲೋಟ, ತಳಕ್ಕೊಂದು ಕೆಂಪು ಪೇಂಟಿನ ಚುಕ್ಕೆ. ಕುಡಿದವರೇ ತೊಳೆದು ಅಲ್ಲೇ ಕವುಚಿಡಬೇಕು. ಜಾತಿ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚುಕ್ಕೆಯೇ ಹೇಳುತ್ತಿತ್ತು.

ಗಲ್ಲದಲ್ಲಿ, ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದ ಸಣ್ಣ ಧಣಿ ವಸಂತಕುಮಾರ ಚಾ ಬಂದರೆ ಮೊದಲು ಲೋಟ ಎತ್ತಿ ತಳ ನೋಡುತ್ತಿದ್ದ, ಆಮೇಲೆ ಬಾಯಿಗೆ. ಒಂದು ದಿನ ಗಡಿಬಿಡಿಯಲ್ಲಿ ಚುಕ್ಕೆಯ ಲೋಟವೇ ಅವನ ಕೈಗೆ ಹೋಯಿತು. ಕುದಿಯುವ ಚಾವನ್ನು ಮರಗಮ್ಮನ ಎಡಗೈ ಮೇಲೆ ಎರಚಿದ. ಸಂಜೆ ಅವಳು ಆ ಲೋಟವನ್ನು ಸೆರಗಲ್ಲಿ ಸುತ್ತಿಕೊಂಡು ಹೊರಬಿದ್ದಳು. ಹಿಂದೆಯೇ ಚೆನ್ನಯನೂ ಬಂದ.

ಮುಂದೆ ಚೆನ್ನಯ ಠಾಣೆ, ಡೊಂಬಿವಲಿ, ಕಲ್ಯಾಣದ ಹೋಟೆಲ್ ಕೆಲಸದವರನ್ನೆಲ್ಲ ಸೇರಿಸಿ ಸಂಘ ಕಟ್ಟಿದ, ಬಾಗಿಲು ಬಾಗಿಲಲ್ಲಿ ಧರಣಿ ಕೂತ, ಕಿಟಕಿಯ ಲೋಟಗಳನ್ನು ತೆಗೆಸಿದ. ದೊಡ್ಡ ನಾಯಕನಾದ. ಸಾಯುವ ಮೊದಲು, ಓದು ಬಾರದ ತನ್ನವರಿಗೂ ತಲುಪಲಿ ಅಂತ ತನ್ನ ಕತೆಯನ್ನು ತಾನೇ ಬಾಯಲ್ಲಿ ಹೇಳಿಟ್ಟು ಹೋದ. ಆಡಿಯೋಬುಕ್ ಅಂತೆ, ಕಿವಿಯಿಂದ ಓದುವ ಪುಸ್ತಕ. ಅದರ ಜಾಹೀರಾತಿನ ಕೆಲಸವನ್ನು ಸಂಘದವರು ಕೊಟ್ಟದ್ದು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಆಫೀಸಿಗೆ. ಮಾಡುವವಳು ಮರಗಮ್ಮನ ಮಗಳೇ, ರಮಿತಾ.

ಮರಗಮ್ಮ ಬೂತಾಯಿ ಮೀನು ಹೆರೆಯುತ್ತ ಕೂತು ಮಗಳ ಫೋನಿನಲ್ಲಿ ಪುಸ್ತಕ ಕೇಳಿದಳು. ಕಿಟಕಿ ಲೋಟದ ಅಧ್ಯಾಯ ಬಂತು, ಹೋಯಿತು.

"ಹೋಟೆಲಿನ ಹೆಸರೇ ಬರ್ಲಿಲ್ಲವಲ್ಲ?"

"ಬೇಕಂತಲೇ ಹೇಳ್ಲಿಲ್ಲವಂತಮ್ಮ. ದೊಡ್ಡ ಮನಸ್ಸು ಅವರದ್ದು."

"ಅವನದ್ದು ದೊಡ್ಡದು. ನಂದು ಅಷ್ಟು ಅಗಲ ಇಲ್ಲ."

ಆಮೇಲೆ ರಮಿತಾ ತಲೆ ತಗ್ಗಿಸಿಕೊಂಡು ಉಳಿದದ್ದನ್ನೂ ಹೇಳಿದಳು. ಜಾಹೀರಾತಿಗೆ ಪ್ರಾಯೋಜಕ ವಸಂತಕುಮಾರ. ಈಗ ಐದು ಹೋಟೆಲಿನ ಧಣಿ, ಸಭೆ-ಸಮಾರಂಭಗಳಲ್ಲಿ ಮುಂದಿನ ಕುರ್ಚಿ. ಕ್ಯಾಮೆರಾದ ಮುಂದೆ ಚಾ ಕುಡಿಯುತ್ತ ಹೇಳುವ ಮಾತನ್ನು ಅವನೇ ಬರೆದು ಕಳಿಸಿದ್ದ: 'ಚೆನ್ನಯ ಮತ್ತು ನಾನು ಒಂದೇ ಲೋಟದಲ್ಲಿ ಚಾ ಕುಡಿದವರು.'

ಮರಗಮ್ಮನ ಕತ್ತಿ ನಿಂತಿತು. "ಹಾಗಾದ್ರೆ ಕುಡೀಲಿ."

ಶೂಟಿಂಗಿನ ದಿನ ಅವಳು ಚೀಲ ಹಿಡಿದು ಮಗಳ ಜೊತೆ ಅವನ ಹೋಟೆಲಿಗೆ ಹೊರಟಳು. ವಸಂತಕುಮಾರನಿಗೆ ಗುರುತು ಸಿಗಲಿಲ್ಲ. ಕ್ಯಾಮೆರಾ ಶುರುವಾಯಿತು. ಅವನು ಕೈಮುಗಿದು, ನಗುತ್ತ, ಲೋಟದ ಮಾತನ್ನು ಚಂದವಾಗಿ ಹೇಳಿದ. ಮರಗಮ್ಮ ಚಾ ತಂದಿಟ್ಟಳು.

ಬಾಯಿ ನಗುತ್ತಲೇ ಇತ್ತು. ಕೈ ಮಾತ್ರ ತನ್ನಷ್ಟಕ್ಕೆ ಲೋಟವನ್ನು ಹಣೆಯ ಮಟ್ಟಕ್ಕೆ ಎತ್ತಿತು. ಕಣ್ಣು ತಳಕ್ಕೆ ಹೋಯಿತು. ಕೆಂಪು ಚುಕ್ಕೆ. ಲೋಟ ಮೇಜಿಗೆ ಇಳಿಯಿತು.

"ಕುಡೀರಿ ಧಣಿ," ಅಂದಳು ಮರಗಮ್ಮ.

"ನನಗೆ... ಶುಗರ್ ಉಂಟು."

"ಸಕ್ಕರೆ ಹಾಕಿಲ್ಲ."

ಆಗ ಅವನು ಅವಳ ಎಡಗೈಯ ಕಲೆ ನೋಡಿದ. "ಮರಗು?" ಅಂದವನೇ ಎದ್ದು ಹೋದ.

ರಿಕ್ಷಾದಲ್ಲಿ ರಮಿತಾ ಅಮ್ಮನ ಕಡೆಗೆ ತಿರುಗಿದಳು. "ಅಮ್ಮ, ಇದನ್ನು ಹೊರಗೆ ಬಿಟ್ರೆ ನನ್ನ ಕೆಲಸ ಹೋಗ್ತದೆ."

ಮರಗಮ್ಮ ಎಡಗೈಯನ್ನು ಮಗಳ ಮಡಿಲಲ್ಲಿಟ್ಟು ಕಲ್ಯಾಣದವರೆಗೂ ಹೊರಗೆ ನೋಡುತ್ತ ಕೂತಳು. ಮಾರನೇ ದಿನ ರಮಿತಾ ಆ ತುಣುಕನ್ನು ಆಫೀಸಿನ ಬದಲು ನೇರ ಸಂಘದವರಿಗೇ ತೋರಿಸಿದಳು. ಮುದುಕರಾದ ಆ ಹೋಟೆಲ್ ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದೇ ಇರ್ಲಿ. ಪ್ರಾಯೋಜಕ ಬೇಡ," ಅಂದರು.

ಹಾಗೆ ಹೊರಬಂತು ಜಾಹೀರಾತು. ವಸಂತಕುಮಾರನ ಮಾತು, ಎತ್ತಿದ ಲೋಟ, ತಳ ನೋಡುವ ಕಣ್ಣು. ಅದರ ಮೇಲೆ ಚೆನ್ನಯನ ಧ್ವನಿ: "ಕುಡಿಯುವ ಮುಂಚೆ ಅವರು ತಳ ನೋಡುತ್ತಿದ್ದರು." ಕೆಳಗೆ ಪುಸ್ತಕದ ಹೆಸರು. ಹೋಟೆಲಿನ ಹೆಸರು ಯಾರೂ ಹೇಳಬೇಕಾಗಲಿಲ್ಲ, ಅವನ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ಲೋಕಲ್ ಟ್ರೇನಿನಲ್ಲಿ ಜನ ಫೋನಿನಿಂದ ಫೋನಿಗೆ ದಾಟಿಸಿದರು. ಅವನ ಹೋಟೆಲುಗಳಲ್ಲಿ ಗಿರಾಕಿಗಳು ಚಾ ಬಂದೊಡನೆ ಲೋಟ ಎತ್ತಿ ತಳ ನೋಡಿ, ಗಲ್ಲದ ಕಡೆಗೆ ನಗತೊಡಗಿದರು.

ಎಂಟನೇ ದಿನ ವಸಂತಕುಮಾರ ಮರಗಮ್ಮನ ಚಾಳಿನ ಮೂರು ಮಾಳಿಗೆ ಹತ್ತಿ ಏದುಸಿರು ಬಿಡುತ್ತ ಬಂದ.

"ಮರಗಮ್ಮ, ಮಗಳಿಗೆ ಹೇಳಿ ಅದನ್ನು ತೆಗೆಸಿ. ಮೊಮ್ಮಕ್ಕಳು ಕೇಳ್ತಾರೆ."

ಮರಗಮ್ಮ ಅಂತ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳು ಕೂರಲು ಹೇಳಿದಳು, ಚಾ ಮಾಡಿದಳು, ಚುಕ್ಕೆಯ ಲೋಟದಲ್ಲೇ ತಂದಳು.

"ಕುಡಿದ್ರೆ ತೆಗೆಸ್ತೀರಾ?" ಅಂದ ಅವನು.

"ಆರ್ತದೆ. ಕುಡೀರಿ."

ಅವನು ಕಣ್ಣು ಮುಚ್ಚಿ ಕೊನೆಯ ಗುಟುಕಿನವರೆಗೂ ಕುಡಿದ. "ಇನ್ನು ತೆಗೆಸ್ತೀರಲ್ಲ?"

"ತೆಗೆಸ್ತೇನೆ ಅಂತ ನಾನು ಯಾವಾಗ ಹೇಳಿದೆ?"

ಅವನ ಮುಖ ಕಪ್ಪಿಟ್ಟಿತು. ಖಾಲಿ ಲೋಟವನ್ನು ನೆಲಕ್ಕಿಟ್ಟು ಏಳಹೋದ.

"ಹಾಗೆ ಇಡೋದಲ್ಲ ಧಣಿ. ಕ್ರಮ ನಿಮ್ಮದೇ. ಮೋರಿ ಅಲ್ಲುಂಟು, ಕಿಟಕಿ ಇಲ್ಲುಂಟು."

ಅವನು ಬಾಗಿಲ ಕಡೆ ನೋಡಿದ. ಹೊರಗೆ ನೆರೆಯವರು ಗುಂಪುಗೂಡಿದ್ದರು, ಕೆಲವರ ಕೈಯಲ್ಲಿ ಫೋನು. ಅಂಗಿಯ ತೋಳು ಮಡಚಿದ. ಪಾತ್ರೆ ತೊಳೆಯುವ ಮೋರಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಲೋಟ ತೊಳೆದು ಕಿಟಕಿಯಲ್ಲಿ ಕವುಚಿಟ್ಟ.

"ಸರಿ ತಿಕ್ಕಿಲ್ಲ," ಅಂದಳು ಮರಗಮ್ಮ. "ಇನ್ನೊಮ್ಮೆ."