ಸೋಮು ಹಾಕಿದ ಹಾರ

ನನ್ನ ಜೆರಾಕ್ಸ್ ಅಂಗಡಿಗೂ ಸೋಮನಾಥನ ಫೋಟೋ ಸ್ಟುಡಿಯೋಗೂ ನಡುವೆ ಇರುವುದು ಒಂದೇ ಗೋಡೆ. ಅವನು ಕುರ್ಚಿ ಎಳೆದರೂ ನನಗೆ ಕೇಳಿಸುತ್ತದೆ, ದಿನವಿಡೀ ಎಳೆಯುತ್ತಲೇ ಇರುತ್ತಾನೆ. ನಲವತ್ತು ದಾಟಿದ ಈ ಗಂಡಸು ಒಂದು ಕಡೆ ನೆಟ್ಟಗೆ ಕೂತಿದ್ದನ್ನು ಶ್ರೀನಗರದಲ್ಲಿ ಯಾರೂ ನೋಡಿಲ್ಲ. ಲೈಟು ಈ ಮೂಲೆಯಿಂದ ಆ ಮೂಲೆಗೆ, ಪರದೆ ಆ ಗೋಡೆಯಿಂದ ಈ ಗೋಡೆಗೆ. ಗಿರಾಕಿ ಇಲ್ಲದಿದ್ದರೆ ನೇರ ನನ್ನ ಬಾಗಿಲಿಗೆ.

"ಅಕ್ಕ, ಒಂದು ಐಡಿಯಾ ಬಂತು."

ಆ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ತಲೆನೋವು ಶುರು. ಒಂದು ಐಡಿಯಾಕ್ಕೆ ಅಂಗಡಿಯ ಬೋರ್ಡು ಇಂಗ್ಲಿಷಿಗೆ ತಿರುಗಿತು, ಇನ್ನೊಂದಕ್ಕೆ ಮತ್ತೆ ಕನ್ನಡಕ್ಕೆ ಬಂತು. ಬಿಟಿಎಂ ಲೇಔಟಿನ ಪಿಜಿಗಳ ಗೇಟಿಗೆಲ್ಲ 'ಆಫೀಸ್ ಪ್ರೊಫೈಲಿಗೆ ಚಂದದ ಫೋಟೋ' ಎಂದು ಚೀಟಿ ಅಂಟಿಸಿ ಬಂದ. ಅಲ್ಲಿನ ಹುಡುಗರು ಅದೇ ಗೇಟಿಗೆ ಒರಗಿ ಫೋನಿನಲ್ಲೇ ಫೋಟೋ ತೆಗೆದುಕೊಂಡರು. ಇನ್‌ಸ್ಟಾಗ್ರಾಂನಲ್ಲಿ ಕ್ಯಾಮೆರಾ ಹಿಡಿದು ಕುಣಿದೂ ನೋಡಿದ, ಪಾಪ. ಅದನ್ನು ನೋಡಿ ನಾನು ನಕ್ಕಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದ.

ತಾನಾಗಿಯೇ ಬರುತ್ತಿದ್ದ ಕೆಲಸ ಒಂದೇ, ಸತ್ತವರದು.

"ಜನಕ್ಕೆ ನನ್ನ ನೆನಪಾಗೋದು ಯಾರಾದ್ರೂ ಹೋದಾಗ್ಲೇ ಅಕ್ಕ. ಯಾವುದೋ ಮದುವೆ ಗುಂಪಿನ ಫೋಟೋ ತರ್ತಾರೆ. ಪಕ್ಕದೋರ ಕೈ ಅಳಿಸು, ಮುಚ್ಚಿರೋ ಕಣ್ಣು ತೆರೆಸು, ನಾಳೆ ಕಾರ್ಯಕ್ಕೆ ಬೇಕು ಅಂತಾರೆ. ಬದುಕಿದ್ದಾಗ ಒಂದ್ಸಲ ಕರ್ಕೊಂಡು ಬರೋಕೆ ಏನಾಗಿತ್ತು ಇವ್ರಿಗೆ?"

ಹೀಗೆ ರೇಗುತ್ತಾ ರೇಗುತ್ತಾ ಹುಟ್ಟಿದ ಐಡಿಯಾಕ್ಕೆ ಮಾತ್ರ ನನಗೆ ನಗಲಾಗಲಿಲ್ಲ. ಮನೆಯ ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಅವರ ಒಂದು ಒಳ್ಳೆಯ ಪೋರ್ಟ್ರೇಟ್ ತೆಗೆದುಕೊಡುವುದು. ದೀಪಾವಳಿಯೊಳಗೆ ಇದು ಕೈಹಿಡಿಯದಿದ್ದರೆ ಸ್ಟುಡಿಯೋ ಮುಚ್ಚಿ, ಜಯನಗರದ ಯಾವುದಾದರೂ ಅಂಗಡಿಗೆ ಸೇಲ್ಸ್‌ಮನ್ ಆಗಿ ಹೋಗುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಆದರೆ ಹಿರಿಯರು ಬರಬೇಕಲ್ಲ! "ಅಷ್ಟು ದೊಡ್ಡ ಫೋಟೋ ಈಗ್ಲೇ ಯಾಕಪ್ಪ, ನನ್ನ ಕಳಿಸೋಕಾ?" ಎಂದು ಮುಖಕ್ಕೆ ಹೊಡೆದಂತೆ ಹೇಳಿದವರೇ ಹೆಚ್ಚು. ಧೈರ್ಯ ಮಾಡಿ ಮೊದಲು ಬಂದವರು ಹಿಂದಿನ ಬೀದಿಯ ನೀಲಕಂಠಪ್ಪ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಸ್ಟೂಲಿನ ಮೇಲೆ ಕೋಲು ನುಂಗಿದವರಂತೆ ಕೂತರಂತೆ. ಸೋಮು ಎಷ್ಟು ಜೋಕು ಹೇಳಿದರೂ ಮುಖ ಸಡಿಲಲಿಲ್ಲ. ಕೊನೆಗೆ, "ಸಾರ್, ಒಂದ್ಸಲ ಸ್ಟಾಪ್ ಕೂಗಿ" ಅಂದ.

"ಹನುಮಂತನಗರ, ಚಾಮರಾಜಪೇಟೆ, ಮಾರ್ಕೆಟ್! ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!"

ಗೋಡೆಯ ಈಚೆ, ನನ್ನ ಅಂಗಡಿಯಲ್ಲಿ ನಿಂತಿದ್ದವರೊಬ್ಬರು ತಮಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಮುಂದೆ ಹೋದರು.

ಆ ಗಳಿಗೆಯ ಫೋಟೋ ಅದು. ನೋಡಿದರೆ ನೀಲಕಂಠಪ್ಪ ಈಗಲೇ ಟಿಕೆಟ್ ಕೇಳುತ್ತಾರೆ ಅನ್ನಿಸಬೇಕು. ತಂಗಿಗೂ ತಮ್ಮನಿಗೂ ಒಂದೊಂದು ಪ್ರಿಂಟ್ ಹಾಕಿಕೊಡಲೇ ಎಂದು ಸೋಮು ಕೇಳಿದಾಗ ಅವರು ಬೇಡವೆಂದು ತಲೆಯಾಡಿಸಿದರು. "ಮಗಳ ಮದುವೆಗೆ ಮನೆಗೆ ಹೋಗಿ ಕರೀಲಿಲ್ಲ, ಫೋನಲ್ಲೇ ಕರೆದೆ ಅಂತ ಇಬ್ರೂ ಮಾತು ಬಿಟ್ಟಿದ್ದಾರೆ. ಒಂದೇ ಸಾಕು."

ದೊಡ್ಡ ಪ್ರಿಂಟನ್ನು ಸೋಮು ಶೋಕೇಸಿನಲ್ಲಿಟ್ಟ. ಹಾದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು, ಅಜ್ಜಿಯರು ಒಳಗೆ ಬಂದು ವಿಚಾರಿಸತೊಡಗಿದರು. ದಸರೆಯ ಮರುವಾರಕ್ಕೆ ಹಲವರು ಹೆಸರು ಹೇಳಿ ಹೋದರು. ಸೋಮುವಿನ ಖುಷಿ ನೋಡಿ ನನಗೇ ಹೊಟ್ಟೆ ತಣ್ಣಗಾಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಕ್ಯಾಮೆರಾ, ಲೈಟು, ಕಂಪ್ಯೂಟರು, ಸ್ಕೂಟರು, ಎಲ್ಲಕ್ಕೂ ಕುಂಕುಮ ಇಟ್ಟು ಹೂವು ಮುಡಿಸಿದ. ಒಂದು ಸೇವಂತಿಗೆ ಹಾರ ಉಳಿಯಿತು. ಸುಮ್ಮನಿದ್ದರೆ ಅದು ಸೋಮುವಿನ ಕೈಯೇ ಅಲ್ಲ. ಅನ್ನ ಕೊಡುತ್ತಿರುವುದು ಈ ಫೋಟೋ, ಇದಕ್ಕೂ ಪೂಜೆ ಆಗಬೇಕು ಅನ್ನಿಸಿತಂತೆ. ನೀಲಕಂಠಪ್ಪನವರ ಫೋಟೋಗೆ ಆ ಹಾರ ಹಾಕಿ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಶೋಕೇಸನ್ನು ಫೋನಿನಲ್ಲಿ ಕ್ಲಿಕ್ಕಿಸಿ ವಾಟ್ಸಾಪ್ ಸ್ಟೇಟಸ್ಸಿಗೂ ಏರಿಸಿದ. ನಾನು ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ, ಇಲ್ಲದಿದ್ದರೆ ಅವನ ಕೈಗೆ ಒಂದು ಬಿಡುತ್ತಿದ್ದೆ.

ಊಟದ ಹೊತ್ತಿಗೆ ಬಡಾವಣೆಯ ಗ್ರೂಪುಗಳಲ್ಲೆಲ್ಲ 'ಓಂ ಶಾಂತಿ'. ನೀಲಕಂಠಪ್ಪನವರ ಮನೆ ಮುಂದೆ ಜನ. ಅವರು ಮಾತ್ರ ಬನಿಯನ್ ಹಾಕಿಕೊಂಡು ಸ್ಕೂಟರಿಗೆ ನಿಂಬೆಹಣ್ಣು ಇಡುತ್ತಿದ್ದರು. ಕುಮಾರಸ್ವಾಮಿ ಲೇಔಟಿನಿಂದ ಆಟೋದಲ್ಲಿ ಅಳುತ್ತಾ ಬಂದಿಳಿದ ತಂಗಿ ರುದ್ರಮ್ಮ ಅಣ್ಣನನ್ನು ನೋಡಿ ಗೇಟಿನಲ್ಲೇ ಕುಸಿದಳು. ಆಮೇಲೆ ಎದ್ದು ಅವರ ಬೆನ್ನಿಗೆ ಗುದ್ದಿ ಗುದ್ದಿ ಅತ್ತಳು.

"ಬದ್ಕಿದ್ದೀನಿ ಅಂತ ಒಂದು ಫೋನಾದ್ರೂ ಮಾಡ್ಬಾರ್ದಾ, ಹಾಳಾದೋನೆ!"

ಮರುದಿನದಿಂದ ಸೋಮುವಿನ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಅವನ ಹತ್ತಿರ ಕೂತರೆ ಹಾರ ಬೀಳುತ್ತದೆ ಎಂಬ ಮಾತು ತರಕಾರಿ ಗಾಡಿಯವರೆಗೂ ಹೋಗಿತ್ತು. ಅವನು ಫೋಟೋ ಒಳಗಿಟ್ಟು ಶೋಕೇಸಿಗೆ ಪೇಪರ್ ಅಂಟಿಸಿದ. ಕ್ಷಮೆ ಕೇಳಲು ಹಿಂದಿನ ಬೀದಿಗೆ ಹೊರಡುತ್ತಿದ್ದ, ತಿರುವಿನಿಂದ ವಾಪಸ್ ಬರುತ್ತಿದ್ದ. ಮತ್ತೆ ಹೊರಡುತ್ತಿದ್ದ, ಮತ್ತೆ ವಾಪಸ್. ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಒಂದೋ ಹೋಗಿ ಕಾಲು ಹಿಡ್ಕೊ, ಇಲ್ಲಾ ಕೂತ್ಕೊ. ಬೀದಿ ಸವೆದು ಹೋಗ್ತಿದೆ!"

"ಯಾವ ಮುಖ ಇಟ್ಕೊಂಡು ಹೋಗ್ಲಿ ಅಕ್ಕ? ಬದುಕಿರೋರನ್ನ ಬದುಕಿರೋ ಹಾಗೆ ತೋರಿಸ್ತೀನಿ ಅಂತ ಹೊರಟೋನು ನಾನು." ನನಗೂ ಸಂಕಟವಾಯಿತು.

ಆ ಭಾನುವಾರ ನೀಲಕಂಠಪ್ಪನವರೇ ಬಂದರು, ಜೊತೆಗೆ ರೇಷ್ಮೆ ಸೀರೆಯುಟ್ಟ ರುದ್ರಮ್ಮ. ಸೋಮು ಎದ್ದ ರಭಸಕ್ಕೆ ಸ್ಟೂಲು ಉರುಳಿತು.

"ಸಾರ್, ತಪ್ಪಾಯ್ತು..."

"ಫೋಟೋ ಎಲ್ಲೋ? ಒಳಗಿಟ್ರೆ ಜನ ನಾನು ಹೋಗಿದ್ದು ನಿಜ ಅಂದ್ಕೊಳ್ಳಲ್ವಾ? ಮೊದ್ಲು ಅದನ್ನ ಇಡು. ಆಮೇಲೆ ನಮ್ಮಿಬ್ಬರದೂ ಒಂದು ತೆಗಿ."

ಈ ಸಲ ಸ್ಟಾಪ್ ಕೂಗಿಸುವ ಅಗತ್ಯ ಬೀಳಲಿಲ್ಲ. ಯಾರು ಯಾವ ಕಡೆ ಕೂರಬೇಕೆಂದು ಅಣ್ಣ ತಂಗಿ ಜಗಳಕ್ಕಿಳಿದಿದ್ದರು, ಸೋಮು ಕ್ಲಿಕ್ ಮಾಡುತ್ತಲೇ ಹೋದ. ಆ ಗಲಾಟೆಗೆ ಹೊರಗೆ ಮೂರು ನಾಲ್ಕು ಜನ ಕೂಡಿದರು. ಹೆಸರು ವಾಪಸ್ ತೆಗೆದುಕೊಂಡಿದ್ದ ಆಂಟಿಯೊಬ್ಬರು ಇಣುಕಿ, "ನಮ್ಮ ಯಜಮಾನ್ರನ್ನ ನಾಳೆ ಕರ್ಕೊಂಡು ಬರ್ಲಾ?" ಎಂದು ಕೇಳಿದರು.

ಹೋಗುವಾಗ ನೀಲಕಂಠಪ್ಪ ಶೋಕೇಸಿನ ಮುಂದೆ ನಿಂತು ತಮ್ಮ ಮುಖವನ್ನೇ ನೋಡಿಕೊಂಡರು.

"ಬರೋ ವರ್ಷನೂ ಹಾರ ಹಾಕಪ್ಪ."

"ಅಯ್ಯೋ, ಬೇಡಿ ಸಾರ್!"

"ಹಾಕು. ಈ ಸಲದ್ದಕ್ಕಿಂತ ದೊಡ್ಡದು ಹಾಕು. ತಮ್ಮಂಗೂ ಮೆಸೇಜ್ ಹೋಗಿತ್ತು, ಅವ್ನು ಬರ್ಲಿಲ್ಲ."